ಆಕಾಶದಿಂದ ಕೆರೆ ನೋಡುವ ಮಾವ

ನನ್ನ ಸೋದರಮಾವನ ಮನೆಯಿಂದ ಕೆರೆಗೆ ಹೆಚ್ಚೆಂದರೆ ಐದು ನಿಮಿಷದ ನಡಿಗೆ. ಆದರೆ ಮಾವ ಕೆರೆಯನ್ನು ನೋಡುವುದು ಏಳುನೂರು ಕಿಲೋಮೀಟರ್ ಮೇಲಿನಿಂದ. ನಡೆದುಹೋಗಿ ನೋಡಿದರೆ ಒಂದು ಬದಿ ಮಾತ್ರ ಕಾಣುತ್ತದೆ ಎಂಬುದು ಅವರ ತಕರಾರು.

ನಕ್ಷೆ ಬರೆಯುವ ಕಚೇರಿಯಲ್ಲಿ ದುಡಿದು ನಿವೃತ್ತರಾದ ಮೇಲೆ ಮಾವ ಅಮೃತಹಳ್ಳಿಯ ಮನೆಗೊಂದು ಕಂಪ್ಯೂಟರ್ ತಂದರು. ಉಪಗ್ರಹ ತೆಗೆದ ಚಿತ್ರಗಳು ಪುಕ್ಕಟೆ ಸಿಗುತ್ತವೆಂದು ತಿಳಿದದ್ದೇ ತಡ, ಅತ್ತೆಯ ಸಂಸಾರ ಹದಿನಾರು ದಿನದ ಲೆಕ್ಕಕ್ಕೆ ಬಿತ್ತು. ಉಪಗ್ರಹ ನಮ್ಮ ತಲೆಯ ಮೇಲೆ ಹಾದುಹೋಗುವುದು ಹದಿನಾರು ದಿನಕ್ಕೊಮ್ಮೆ, ಬೆಳಗ್ಗೆ ಹತ್ತೂವರೆಯ ಆಸುಪಾಸಿನಲ್ಲಿ. ಅವತ್ತು ಮೋಡ ಕವಿದರೆ ಮಾವನಿಗೆ ತಿಂಡಿ ಸೇರುತ್ತಿರಲಿಲ್ಲ. ಊರೆಲ್ಲ ಮಳೆಗೆ ಕಾಯುವಾಗ ಇವರೊಬ್ಬರು ಅಂಗಳದಲ್ಲಿ ನಿಂತು ಮೋಡವನ್ನು ಗದರುತ್ತಿದ್ದರೆ ಅತ್ತೆ ಏನು ಮಾಡಬೇಕು ಹೇಳಿ? ಕಿಟಕಿ ಮುಚ್ಚಿಕೊಳ್ಳುತ್ತಿದ್ದರು.

ರಾಜಾನುಕುಂಟೆಯಲ್ಲಿ ನನ್ನ ತಮ್ಮನ ಗೃಹಪ್ರವೇಶ ಅಂಥದ್ದೇ ಒಂದು ಹದಿನಾರನೆಯ ದಿನ ಬಂತು. ಅಷ್ಟರಲ್ಲಿ ಮಾವ ಗಾಳಿಯಲ್ಲಿನ ಹೊಗೆ ದೂಳಿನ ಚಿತ್ರಗಳಿಗೂ ಕೈಹಾಕಿದ್ದರು. ಹೋಮ ಶುರುವಾಗುತ್ತಿದ್ದಂತೆ ಪುರೋಹಿತರ ಬಳಿ ಹೋಗಿ, ಒಂದು ಕಾಲು ಗಂಟೆ ಹೊಗೆ ತಡೆಯಲಾದೀತೇ ಎಂದು ವಿನಯದಿಂದಲೇ ಕೇಳಿದರು. ಮೇಲೆ ಉಪಗ್ರಹ ಹೋಗುತ್ತಿದೆ ಎಂದು ಕಾರಣವನ್ನೂ ಕೊಟ್ಟರು. ವಾಲಗದ ಸದ್ದಿನಲ್ಲಿ ಪುರೋಹಿತರಿಗೆ ಗ್ರಹ ಎಂಬುದಷ್ಟೇ ಕೇಳಿಸಿತು. ಅವರು ಅದಕ್ಕೊಂದು ಶಾಂತಿ ಸೇರಿಸಿದರು. ಹೊಗೆ ಎರಡರಷ್ಟಾಯಿತು.

ಒಂದು ಬೇಸಿಗೆಯಲ್ಲಿ ಮಾವ ಪಾರ್ಕಿನಲ್ಲಿ ನಾಲ್ಕು ಜನರ ಮುಂದೆ ಕೆರೆ ಕೆಂಪಾಗಿದೆ ಎಂದುಬಿಟ್ಟರು. ಎದುರು ಮನೆಯ ನಿವೃತ್ತ ಮೇಷ್ಟ್ರು ಗಾಬರಿಯಿಂದ ಹೋಗಿ ನೋಡಿ ಬಂದರು.

“ಹಸಿರಾಗಿದೆಯಲ್ಲ ಸಾರ್?”

“ನಾನು ಹೇಳಿದ್ದೂ ಅದನ್ನೇ” ಎಂದರು ಮಾವ.

ಆ ಚಿತ್ರಗಳಲ್ಲಿ ಹಸಿರೆಲೆ ಕೆಂಪಾಗಿಯೂ ತಿಳಿನೀರು ಕಪ್ಪಾಗಿಯೂ ಕಾಣುತ್ತದಂತೆ. ಕೆರೆಯ ತುಂಬ ಅಂತರಗಂಗೆ ಕಳೆ ಹಬ್ಬಿತ್ತು. ಮೇಷ್ಟ್ರು ಅಂದಿನಿಂದ ಮಾವನನ್ನು ಆ ಚಿತ್ರಗಳ ಬಗ್ಗೆ ಏನನ್ನೂ ಕೇಳಲಿಲ್ಲ.

ಆದರೆ ಅದೇ ವಾರ ಕೆರೆಯಲ್ಲಿ ಮೀನು ಸತ್ತು ದಡಕ್ಕೆ ಬಂದವು. ಮಾವ ಎರಡು ವರ್ಷದ ಚಿತ್ರಗಳನ್ನು ಊಟದ ಮೇಜಿನ ಮೇಲೆ ಸಾಲಾಗಿ ಹರಡಿದರು. ಪ್ರತಿ ಸಲವೂ ಕೆಂಪು ಶುರುವಾಗುತ್ತಿದ್ದುದು ಒಂದೇ ಮೂಲೆಯಿಂದ. ಅಲ್ಲಿ ಯಾವುದೋ ಕೊಳಚೆ ಸೇರಿ ಗಿಡಕ್ಕೆ ಗೊಬ್ಬರವಾಗುತ್ತಿದೆ ಎಂದು ತೀರ್ಮಾನಿಸಿ, ಚಿತ್ರಗಳನ್ನು ಸುತ್ತಿಕೊಂಡು ಕಚೇರಿಯಿಂದ ಕಚೇರಿಗೆ ಅಲೆದರು. ಒಬ್ಬ ಎಂಜಿನಿಯರು ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿ, ಇದರಲ್ಲಿ ಮೇಲೆ ಯಾವುದು ಎಂದು ಕೇಳಿದರು. ಆದರೂ ಒಳ್ಳೆಯ ಮನುಷ್ಯ, ಒಂದು ದಿನ ಬಂದೇಬಂದರು.

ಅವರ ಜೊತೆ ಮಾವ ಕೊನೆಗೂ ಕೆರೆಗೆ ನಡೆದರು. ಕೊಡೆ ಹಿಡಿದು ನಾನೂ ಹೊರಟೆ. ಆ ಮೂಲೆಗೆ ಮಳೆನೀರು ತರುವ ರಾಜಕಾಲುವೆಯ ಗುಂಟ ಮೇಲಕ್ಕೆ ಹೋದೆವು. ಪೊದೆಯೊಳಗೆ ಒಂದು ದಪ್ಪ ಪೈಪು ಸಿಕ್ಕಿತು. ಅದು ಎಲ್ಲಿಂದ ಬರುತ್ತದೆಂದು ಹುಡುಕುತ್ತ ಹೋದರೆ, ನಿಂತದ್ದು ಮಾವನ ಮನೆಯ ರಸ್ತೆಯಲ್ಲಿ. ಇಡೀ ರಸ್ತೆಯ ಕೊಳಚೆಯನ್ನು ಯಾವನೋ ಗುತ್ತಿಗೆದಾರ ಒಳಚರಂಡಿಗೆ ಸೇರಿಸದೆ ಕಾಲುವೆಗೆ ಬಿಟ್ಟಿದ್ದ.

ನಮ್ಮ ಮನೆಯದೂ ಇದೆಯೇ ಎಂದು ಅತ್ತೆ ಮೆಲ್ಲಗೆ ಕೇಳಿದರು. ಮಾವ ಹೋಗಿ ಕೈಕಾಲು ತೊಳೆಯಲು ನಲ್ಲಿ ತಿರುಗಿಸಿದರು. ಯಾಕೋ ಮತ್ತೆ ನಿಲ್ಲಿಸಿದರು.

ಭಾನುವಾರ ರಸ್ತೆಯವರನ್ನೆಲ್ಲ ಸೇರಿಸಿ ಆ ಪೈಪಿಗೆ ಸೇರಿದ ಮನೆ ನಂಬರುಗಳ ಪಟ್ಟಿ ಓದಿದರು. ಮೊದಲನೆಯದು ತಮ್ಮದೇ.

“ಸುಮ್ನಿರಬಾರದಿತ್ತಾ ಸಾರ್? ಈಗ ರಸ್ತೆ ಎಲ್ಲ ಅಗೀತಾರೆ” ಎಂದರು ಮೇಷ್ಟ್ರು.

“ಮೇಲಿಂದ ನೋಡಿದ್ರೆ ನಮ್ಮನೆ ನಿಮ್ಮನೆ ಅಂತ ಬೇರೆ ಕಾಣಲ್ಲ ಕಣ್ರೀ.”

ಕೊಳಚೆಯನ್ನು ಒಳಚರಂಡಿಗೆ ತಿರುಗಿಸಲು ರಸ್ತೆ ಅಗೆದರು. ತಿಂಗಳುಗಟ್ಟಲೆ ಯಾರ ಕಾರೂ ಗೇಟಿನೊಳಗೆ ಹೋಗಲಿಲ್ಲ. ಪಾರ್ಕಿನಲ್ಲಿ ಮಾವ ಕೂತ ಬೆಂಚಿನಲ್ಲಿ ಬೇರೆ ಯಾರೂ ಕೂರಲಿಲ್ಲ.

ಮರುವರ್ಷ ಮಳೆಗಾಲ ಕಳೆದ ಮೇಲೆ ಒಂದು ಬೆಳಗ್ಗೆ ಗೇಟಿನ ಬಳಿ ಯಾರೋ ಬಂದು ನಿಂತರು. ಕೆರೆಯಲ್ಲಿ ಮೀನು ಹಿಡಿಯುವ ಮುದುಕ. ಆಕಾಶದ ಪಟ ನೋಡಿ ಪೈಪು ಕಂಡುಹಿಡಿದವರು ಇವರೇ ಎಂದು ಯಾರೋ ಹೇಳಿದ್ದರಂತೆ. ಈಗ ಬಲೆಗೆ ಮತ್ತೆ ಮೀನು ಬೀಳುತ್ತಿವೆ, ಆ ಪಟ ಒಂದು ಸಲ ನೋಡಬಹುದೇ ಎಂದ. ಮಾವ ಒಳಗೆ ಕರೆದು ಕೂರಿಸಿ, ಹಿಂದಿನ ವಾರದ ಚಿತ್ರ ತೆರೆದರು. ಕೆರೆ ಅಂಚಿನಿಂದ ಅಂಚಿಗೆ ಕಪ್ಪಗೆ ಹೊಳೆಯುತ್ತಿತ್ತು. ಮುದುಕ ಕುರ್ಚಿಯನ್ನು ಹತ್ತಿರ ಎಳೆದುಕೊಂಡ.

“ಇದ್ರಲ್ಲಿ ನನ್ ತೆಪ್ಪ ಎಲ್ಲೈತೆ ಸಾರ್?”

ಆ ಚಿತ್ರದಲ್ಲಿ ಒಂದು ಚುಕ್ಕೆ ಎಂದರೆ ಮೂವತ್ತು ಮೀಟರ್. ತೆಪ್ಪವಿರಲಿ, ಒಂದು ಲಾರಿಯೂ ಕಾಣುವುದಿಲ್ಲ. ಇಲ್ಲದ್ದನ್ನು ಇದೆ ಎಂದು ಮಾವ ನಕ್ಷೆಯಲ್ಲಿ ಒಂದು ಗೆರೆಯನ್ನೂ ಎಳೆದವರಲ್ಲ. ಅವರು ಕನ್ನಡಕ ಸರಿಮಾಡಿಕೊಂಡರು, ಪರದೆಗೆ ಬಾಗಿದರು, ಕೆರೆಯ ನಡುವಿನ ಒಂದು ಚುಕ್ಕೆಯ ಕೆಳಗೆ ಬೆರಳಿಟ್ಟರು.

“ಇಲ್ಲಿದೆ ನೋಡಪ್ಪ.”

ಮುದುಕ ತುಂಬ ಹೊತ್ತು ನೋಡಿದ. ಅವನು ನೋಡಿ ಮುಗಿಸುವವರೆಗೂ ಮಾವ ಬೆರಳು ತೆಗೆಯಲಿಲ್ಲ.