ವಿಶ್ವದ ಅಂತ್ಯವೂ ಹುಳಿಪಾತ್ರೆಯ ಕಲಾಯಿಯೂ

ಓದಿದ್ದನ್ನು ಓದಿದಲ್ಲಿಗೇ ಬಿಟ್ಟು ಏಳಲು ನನಗೆ ಬರುವುದಿಲ್ಲ. ಕಾಫಿ ನರಗಳಿಗೆ ಒಳ್ಳೆಯದಲ್ಲ ಎಂದು ಎಲ್ಲೋ ಓದಿ ಮನೆಮಂದಿಗೆಲ್ಲ ಹದಿನೈದು ದಿನ ಜೀರಿಗೆ ಕಷಾಯ ಕುಡಿಸಿದ್ದೇನೆ. ಎಡಮಗ್ಗುಲಲ್ಲಿ ಮಲಗಿದರೆ ಆಯುಸ್ಸು ಹೆಚ್ಚುತ್ತದೆಂದು ಓದಿ ಮಂಚದಿಂದ ಎರಡು ಸಲ ಉರುಳಿದ್ದೇನೆ. ಅಜ್ಜಂಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದ ಮೇಷ್ಟರಿಗೆ ಇದು ಭೂಷಣವಲ್ಲ, ಗೊತ್ತು. ಆದರೂ ಎಂಬತ್ತರ ದಶಕದ ಶುರುವಿನಲ್ಲಿ ಒಮ್ಮೆ ಕಡೂರಿನ ಬಸ್ ಸ್ಟ್ಯಾಂಡಿನಲ್ಲಿ ಹಳೆಯ ಪತ್ರಿಕೆಯೊಂದನ್ನು ಕೊಂಡು ಬಸ್ಸು ಹತ್ತಿದೆ. ಅದರಲ್ಲಿ ವಿಶ್ವದ ಕೊನೆ ಹೇಗಾದೀತು ಎಂಬ ಲೇಖನವಿತ್ತು. ಬೀರೂರು ದಾಟುವಷ್ಟರಲ್ಲಿ ಸೂರ್ಯ ಆರಿಹೋಗಿದ್ದ. ಅಜ್ಜಂಪುರ ಬರುವಷ್ಟರಲ್ಲಿ ಉಳಿದ ನಕ್ಷತ್ರಗಳೂ ಆರಿ ಇಡೀ ವಿಶ್ವ ತಣ್ಣಗಾಗಿತ್ತು. “ಇಳೀರಿ ಮೇಷ್ಟ್ರೇ, ನಿಮ್ಮೂರು ಬಂತು” ಎಂದು ಕಂಡಕ್ಟರ್ ಎರಡು ಸಲ ಹೇಳಬೇಕಾಯಿತು.

ಅಂದಿನಿಂದ ನನಗೆ ಯಾವುದರಲ್ಲೂ ಉತ್ಸಾಹ ಉಳಿಯಲಿಲ್ಲ. ಗಡ್ಡ ಹೆರೆಯಲಿಲ್ಲ. ಸೈಕಲ್ಲಿನ ಪಂಚರ್ ಹಾಗೇ ಇತ್ತು. ಮಕ್ಕಳ ನೋಟ್‌ಬುಕ್ಕುಗಳು ಮೇಜಿನ ಮೇಲೆ ಗುಡ್ಡೆಯಾದವು. ಎಲ್ಲವೂ ಅಳಿದುಹೋಗುವ ಲೋಕದಲ್ಲಿ ಕೆಂಪು ಶಾಯಿಯನ್ನು ಯಾಕೆ ಖರ್ಚು ಮಾಡಬೇಕು? ಸೋಮಾರಿತನಕ್ಕೆ ಇಷ್ಟು ದೊಡ್ಡ ಆಧಾರ ಹಿಂದೆಂದೂ ನನಗೆ ಸಿಕ್ಕಿರಲಿಲ್ಲ ಎಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ.

ಆಗಲೇ ನನ್ನ ಹೆಂಡತಿ ಗಿರಿಜೆ ಸಖರಾಯಪಟ್ಟಣದ ತವರಿಗೆ ಹೊರಟಳು. ಅವಳ ತಂಗಿಯ ನಿಶ್ಚಿತಾರ್ಥ ಬರುವ ಸೋಮವಾರ ನಮ್ಮ ಮನೆಯಲ್ಲೇ ಎಂದು ನಿಶ್ಚಯವಾಗಿತ್ತು. “ರೀ, ತರೀಕೆರೆ ಸಾಬ್ರು ಬತ್ತಾರೆ. ಅಟ್ಟದಿಂದ ಹಿತ್ತಾಳೆ ಪಾತ್ರೆ ಇಳಿಸಿ ಕಲಾಯಿ ಹಾಕ್ಸಿ. ಮರೀಬೇಡಿ” ಎಂದಳು. ಪಾತ್ರೆಯೊಳಗಿನ ತವರದ ಲೇಪ ಸವೆದರೆ ಹುಳಿ ಕಿಲುಬಿ ವಿಷವಾಗುತ್ತದೆ. ಇದನ್ನು ನಾನೇ ಒಂಬತ್ತನೇ ಕ್ಲಾಸಿಗೆ ಪಾಠ ಮಾಡುತ್ತಿದ್ದೆ.

ಮಾರನೆಯ ದಿನವೇ ಕಲಾಯಿಯ ಇಮಾಮ್ ಸಾಬರು ತಿದಿಯನ್ನು ಹೆಗಲಿಗೇರಿಸಿಕೊಂಡು ಬಾಗಿಲಿಗೆ ಬಂದರು. ಅಟ್ಟ ಹತ್ತಬೇಕಲ್ಲ ಎಂದು ನನಗೆ ಬೇಸರ. “ಈ ಸಲ ಬೇಡಿ ಸಾಬ್ರೇ. ಎಲ್ಲಾ ಹೋಗೋದೇ” ಎಂದೆ. ಯಾರೋ ತೀರಿಕೊಂಡಿರಬೇಕು ಅಂದುಕೊಂಡು ಅವರು ತಲೆ ತಗ್ಗಿಸಿ ಹೊರಟುಹೋದರು. ಆಮೇಲೆ ನಾನು ಅಡುಗೆಮನೆಯಲ್ಲಿ ಕೈಗೆ ಸಿಕ್ಕ, ಕಲಾಯಿ ಸವೆದ ಹಿತ್ತಾಳೆ ಪಾತ್ರೆಯಲ್ಲಿ ಹುಣಸೆಹಣ್ಣು ಧಾರಾಳವಾಗಿ ಹಿಂಡಿ ಹುಳಿ ಮಾಡಿದೆ, ಅದರಲ್ಲೇ ಬಿಟ್ಟೆ, ಮರುದಿನವೂ ಅದನ್ನೇ ಉಂಡೆ.

ಗಿರಿಜೆ ಬಂದಾಗ ನಾನು ವಾಂತಿ ಮಾಡಿ ಸುಸ್ತಾಗಿ ಚಾಪೆಯ ಮೇಲೆ ಬಿದ್ದಿದ್ದೆ. ನಡೆದದ್ದನ್ನು ಸೂರ್ಯ, ನಕ್ಷತ್ರಗಳ ಸಮೇತ ವಿವರಿಸಿದೆ. ಅವಳು ಗಂಜಿಯ ಲೋಟ ಕೈಗಿಟ್ಟು ಕೇಳಿದಳು. “ಆ ವಿಶ್ವ ಮುಗಿಯೋಕೆ ಎಷ್ಟು ವರ್ಷ ಬೇಕಂತೆ?”

“ಕೋಟ್ಯಂತರ ಕೋಟಿ.”

“ನೀವು ಮುಗಿಯೋಕೆ ಒಂದು ಪಾತ್ರೆ ಹುಳಿ ಸಾಕಾಗಿತ್ತು. ಸೋಮವಾರ ನಲವತ್ತು ಜನ ಉಣ್ಣೋಕೆ ಬತ್ತಾರೆ. ಗಂಡಿನ ಕಡೆಯೋರೆಲ್ಲ ನಿಮ್ಮ ಹಂಗೇ ಚಾಪೆ ಹಿಡಿದ್ರೆ ನನ್ನ ತಂಗಿ ಗತಿ ಏನು ಹೇಳಿ.”

ಅವಳ ಕಣ್ಣು ತುಂಬಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು. ಕಾಲಲ್ಲಿ ಶಕ್ತಿ ಬಂದ ತಕ್ಷಣ ಬಸ್ಸು ಹಿಡಿದು ತರೀಕೆರೆಗೆ ಹೋಗಿ ಸಾಬರ ಮನೆ ಹುಡುಕಿ ತಪ್ಪೊಪ್ಪಿಕೊಂಡೆ. ಯಾರೂ ಸತ್ತಿಲ್ಲವೆಂದು ಕೇಳಿ ಅವರಿಗೆ ಸಂತೋಷವೇ ಆಯಿತು. ಶನಿವಾರ ಬೆಳಗ್ಗೆ ಮೊದಲ ಬಸ್ಸಿಗೇ ಬಂದರು.

ಹಿತ್ತಿಲಲ್ಲಿ ಸಣ್ಣ ಗುಂಡಿ ತೋಡಿ, ಇದ್ದಿಲು ತುಂಬಿ, ತಿದಿ ಒತ್ತುತ್ತಾ ಕುಳಿತ ಆ ಮನುಷ್ಯನನ್ನು ನೋಡುವುದೇ ಒಂದು ಸೊಗಸು. ಕಾದ ಪಾತ್ರೆಗೆ ನವಸಾಗರದ ಪುಡಿ ಉದುರಿಸಿದರೆ ಬಿಳಿ ಹೊಗೆ ಏಳುತ್ತಿತ್ತು. ತವರದ ಕಡ್ಡಿ ಮುಟ್ಟಿಸಿ ಹತ್ತಿಯಿಂದ ಒಂದು ಸುತ್ತು ಸವರಿದರೆ ಒಳಗೆಲ್ಲ ಬೆಳ್ಳಿ. ಮುಚ್ಚಳದ ಒಳಅಂಚಿನಲ್ಲಿ ಉಗುರಿನಷ್ಟು ಜಾಗ ಬಿಟ್ಟುಹೋಗಿತ್ತು. ಅಷ್ಟಕ್ಕಾಗಿ ಅದನ್ನು ಮತ್ತೆ ಬೆಂಕಿಗಿಟ್ಟರು.

“ಅಲ್ಲಿ ಯಾರಿಗೂ ಕಾಣಲ್ಲ, ಸಾಬ್ರೇ. ಅದೂ ಅಲ್ಲದೆ ಆರು ತಿಂಗಳಿಗೆ ಸವೆದುಹೋಗೋದು ತಾನೆ?” ಎಂದೆ.

“ಆ ಆರು ತಿಂಗಳು ಉಣ್ಣೋರು ಮನುಷ್ಯರಲ್ವಾ ಮೇಷ್ಟ್ರೇ?”

ನಾನು ಬಿಡುವ ಆಸಾಮಿಯೇ? ಪತ್ರಿಕೆಯ ಸಂಗತಿಯನ್ನೆಲ್ಲ ಹೇಳಿದೆ. ಅವರು ನಗಲಿಲ್ಲ. ತಿದಿ ಒತ್ತುತ್ತಲೇ ಗಮನವಿಟ್ಟು ಕೇಳಿದರು. “ಇರಬಹುದು. ಮನೆಮನೆಗೂ ಸ್ಟೀಲ್ ಬಂದ್ಬಿಡ್ತು. ನಮ್ಮ ಕಸುಬು ನಿಮ್ಮ ಸೂರ್ಯನಿಗಿಂತ ಮೊದ್ಲೇ ಆರಿಹೋಗ್ತದೆ. ನನ್ನ ಹಿಂದೆ ಇದನ್ನ ಮಾಡೋರಿಲ್ಲ” ಎಂದು ಒಲೆಯತ್ತ ನೋಡಿದರು. “ಇವತ್ತಿನ ಬೆಂಕಿ ಇನ್ನೂ ಉರೀತಿದೆಯಲ್ಲ. ಆ ದೊಡ್ಡ ಕೊಳಗ ಇತ್ತ ಕೊಡಿ.”

ಕೊಟ್ಟೆ. ತನ್ನ ಕೆಲಸದ ಕೊನೆಯನ್ನು ಕಣ್ಣೆದುರೇ ಕಂಡೂ ಮುಚ್ಚಳದ ಅಂಚನ್ನು ಬಿಡದ ಆ ಮನುಷ್ಯನ ಮೇಲೆ ನನಗೆ ಹುಟ್ಟಿದ ಗೌರವ ಇವತ್ತಿಗೂ ಕಡಿಮೆಯಾಗಿಲ್ಲ.

ಸೋಮವಾರದ ಊಟ ಚೆನ್ನಾಗಿಯೇ ನಡೆಯಿತು. ಗಂಡಿನ ಸೋದರಮಾವ ಹುಳಿಯನ್ನು ಮೂರು ಸಲ ಹಾಕಿಸಿಕೊಂಡರು, ಏನೂ ಆಗಲಿಲ್ಲ. ಆದರೆ ನಾನು ಹೇಳಬೇಕಾದದ್ದು ಶನಿವಾರ ಸಂಜೆಯ ಸಂಗತಿ. ಕೆಲಸ ಮುಗಿಸಿದ ಸಾಬರು ಕೊಳಗವನ್ನು ನನ್ನ ಮುಂದೆ ಹಿಡಿದು, “ಮುಖ ಕಾಣ್ತದಾ ನೋಡಿ ಮೇಷ್ಟ್ರೇ” ಎಂದರು. ಕಂಡಿತು. ವಿಶ್ವ ಮುಗಿದು ಬಹಳ ದಿನವಾದಂತಿದ್ದ ಮುಖ ಅದು. ಒಳಗೆ ಹೋಗಿ ಬಿಸಿನೀರು ಕಾಯಿಸಿಕೊಂಡು ಗಡ್ಡ ಹೆರೆಯಲು ಕುಳಿತೆ. ಎರಡು ದಿನಕ್ಕೆ ಮತ್ತೆ ಬೆಳೆಯುತ್ತದೆಂದು ಗೊತ್ತಿದ್ದೂ, ಗದ್ದದ ಕೆಳಗೆ ಯಾರಿಗೂ ಕಾಣದ ಜಾಗವನ್ನೂ ಆ ಸಂಜೆ ನಾನು ಬಿಡಲಿಲ್ಲ.