ಸೂಗಪ್ಪನ ಮನೆಯಲ್ಲಿ ದೆವ್ವದ ಶೂಟಿಂಗ್

"ನೋಡ್ತಿರು ಸಾವಿತ್ರಿ, ಇಡೀ ಹೈದರಾಬಾದಿನಾಗ ಯಾರನ್ನ ಕೇಳಿದ್ರೂ ಸೂಗಪ್ಪನ ಮನಿ ತೋರಸಬೇಕು, ಹಂಗ ಮಾಡ್ತೀನಿ!"

2004ರ ಯುಗಾದಿಯಂದು ಬೇವು-ಬೆಲ್ಲ ಬಾಯಲ್ಲಿರುವಾಗಲೇ ಸೂಗಪ್ಪ ತಾನು ಕಟ್ಟಿಸುತ್ತಿದ್ದ ಹೊಸ ಮನೆಯ ಬಗ್ಗೆ ಹೆಂಡತಿಯೆದುರು ಹೀಗೆ ಘೋಷಿಸಿದ. ಅದ್ಯಾವ ಗಳಿಗೆಯೋ, ಆ ಮಾತು ನಿಜವಾಗಿಬಿಟ್ಟಿತು!

ರಾಯಚೂರಿನ ಸೂಗಪ್ಪ ಹೈದರಾಬಾದಿನ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಆದರೆ ಹದಿನೆಂಟು ವರ್ಷದಿಂದ ಆ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ಏಳು ಜನಕ್ಕೆ ಕಡಿಮೆ ಇದ್ದದ್ದೇ ಇಲ್ಲ! ಊರ ಕಡೆ ಡಿಗ್ರಿ ಮುಗಿಸಿದ ನೆಂಟರ ಮಕ್ಕಳೆಲ್ಲ ಮೊದಮೊದಲು ಟೈಪಿಂಗ್, ಈಚೆಗೆ ಅಮೀರ್‌ಪೇಟೆಯ ಕಂಪ್ಯೂಟರ್ ಕ್ಲಾಸಿನಲ್ಲಿ ಜಾವಾ ಕಲಿಯಲು ಬರುವವರೇ. ಎರಡು ವಾರವೆಂದು ಬಂದವರು ಎಂಟು ತಿಂಗಳು ಉಂಡು, ಹೋಗುವಾಗ ತಮ್ಮಂದಿರನ್ನು ಕಳಿಸುತ್ತಿದ್ದರು. ಜಾವಾ ಯಾರಿಗೆ ಬಂತೋ ಗೊತ್ತಿಲ್ಲ, ರೊಟ್ಟಿ ಬಡಿದು ಬಡಿದು ಸಾವಿತ್ರಿಗೆ ಮಾತ್ರ ರಟ್ಟೆನೋವು ಬಂತು.

"ಹೊಸ ಮನ್ಯಾಗ ಒಂದು ವರ್ಷರೆ ನಾವಿಬ್ಬರ ಇರೂಣ್ರಿ," ಎಂದು ಆಕೆ ಬೇಡಿಕೊಂಡಳು.

"ಛೇ, ಮಂದಿ ಏನಂದಾರು? ಗೃಹಪ್ರವೇಶಕ್ಕ ಹಾಸಿಗಿ ಸಮೇತ ಬರ್ರಿ ಅಂತ ಎಲ್ಲಾರಿಗೂ ಹೇಳೀನಿ!"

ಸಾವಿತ್ರಿ ರೊಟ್ಟಿ ಬಡಿಯಲು ಅಡುಗೆಮನೆಗೆ ಹೋದಳು.

ಇನ್ನು ಆ ಮನೆಯ ವೈಭವವನ್ನು ಏನೆಂದು ಬಣ್ಣಿಸಲಿ! ಅದನ್ನು ಕಟ್ಟಿದ್ದು ಮೇಸ್ತ್ರಿಯಲ್ಲ, ಮೂವರು ವಾಸ್ತು ಪಂಡಿತರು. ಮೊದಲಿನವರು ಮೆಟ್ಟಿಲನ್ನು ನೈರುತ್ಯಕ್ಕೆ ತಂದರು. ಎರಡನೆಯವರು ಅದು ತಾರಸಿಗೆ ತೆರೆಯುವ ಬಾಯನ್ನೇ ಮುಚ್ಚಿಸಿದರು. ಹೀಗಾಗಿ ಮೆಟ್ಟಿಲು ಗಂಭೀರವಾಗಿ ಮೇಲೇರಿ ಸೂರಿಗೆ ತಲೆ ಹೊಡೆದುಕೊಂಡು ನಿಂತಿತ್ತು. ಮೂರನೆಯವರು ಪೂರ್ವದ ಕಿಟಕಿಗಳಿಗೆ ಇಟ್ಟಿಗೆ ಇಡಿಸಿ, ಮಟಮಟ ಮಧ್ಯಾಹ್ನವೂ ದೀಪ ಹಚ್ಚುವ ಭಾಗ್ಯ ಕರುಣಿಸಿದರು.

ಹಾಳುಮನೆ ಹುಡುಕುತ್ತ ಬಂದ ಸಿನಿಮಾ ನಿರ್ದೇಶಕನೊಬ್ಬ ಬಾಗಿಲಲ್ಲೇ ಬೆರಗಾಗಿ ನಿಂತ. "ಈ ಸೆಟ್ ಹಾಕಿದ್ದು ಯಾರು ಸಾರ್?" ಎಂದು ತೆಲುಗಿನಲ್ಲಿ ಕೇಳಿದ.

"ಸೆಟ್ಟಲ್ರೀ, ನನ್ನ ಸ್ವಂತ ಮನಿ!"

ನಿರ್ದೇಶಕ ಕೈಮುಗಿದ. ಅವನ ಚಿತ್ರದ್ದು, ಹೊಸ ಮನೆಗೆ ಬಂದ ಸಂಸಾರವನ್ನು ದೆವ್ವ ಗೋಳುಹೊಯ್ದುಕೊಳ್ಳುವ ಕಥೆ. ಒಂದು ಮೊಳೆಯನ್ನೂ ಬದಲಾಯಿಸಬೇಕಿಲ್ಲ ಎಂದ. ಸೂಗಪ್ಪ ಪುಕ್ಕಟೆಯಾಗಿ ಮನೆ ಬಿಟ್ಟುಕೊಟ್ಟ. ಷರತ್ತು ಒಂದೇ: "ಪರದೆ ಮ್ಯಾಲ ನನ್ನ ಹೆಸರು, ಮನಿ ನಂಬರು, ಪೂರಾ ಅಡ್ರೆಸ್ಸು ಬರಬೇಕು!"

ಬಂತು! ಮನೆಯಷ್ಟೇ ದೊಡ್ಡ ಅಕ್ಷರದಲ್ಲಿ ಬಂತು. ಗೃಹಪ್ರವೇಶಕ್ಕೆ ಒಂದು ತಿಂಗಳಿರುವಾಗ ಬಿಡುಗಡೆಯಾದ ಚಿತ್ರ ಪಟಾನ್‌ಚೆರುವಿನಿಂದ ಸಿಕಂದರಾಬಾದಿನವರೆಗೆ, ಅತ್ತ ರಾಯಚೂರಿನಲ್ಲೂ ಹೌಸ್‌ಫುಲ್ ಓಡಿತು. ಸೂಗಪ್ಪನ ಹೆಸರು ಹೇಳಿದರೆ ಸಾಕು, ಆಟೋದವರು ಗಲ್ಲಿಯ ತುದಿಯಲ್ಲೇ ಜನರನ್ನು ಇಳಿಸಿ ಗಾಡಿ ತಿರುಗಿಸುತ್ತಿದ್ದರು.

ಗೃಹಪ್ರವೇಶಕ್ಕೆ ರಾಯಚೂರಿನಿಂದ ಇಪ್ಪತ್ತೆರಡು ಜನ ಹಾಸಿಗೆ ಸಮೇತ ಬಂದಿಳಿದರು. ಪೂಜೆ ಆಯಿತು, ಹೋಳಿಗೆ ಊಟವೂ ಆಯಿತು. ಎಲೆ ಅಡಿಕೆ ಹಾಕಿಕೊಳ್ಳುತ್ತ ದೊಡ್ಡಪ್ಪ ಬಂಡೆಪ್ಪ ತಲೆಯೆತ್ತಿ ಮೆಟ್ಟಿಲಿನತ್ತ ನೋಡಿದರು.

"ಸೂಗಪ್ಪಾ, ಒಳಗಿಂದೆಲ್ಲಾ ಸೆಟ್ ಹಾಕಿರ್ತಾರ ಅಂದ್ಕೊಂಡಿದ್ವಿ. ಸಿನಿಮಾದಾಗ ಆ ದೆವ್ವದಾಕಿ ಕೂದಲ ಬಿಟಗೊಂಡು ಇಳದ ಬರ್ತಾಳಲ್ಲ, ಆ ಪಾವಟಿಗಿ ಇದ ಏನು?"

"ಹೌದ್ರಿ ದೊಡ್ಡಪ್ಪಾ!" ಎಂದ ಸೂಗಪ್ಪ ಹೆಮ್ಮೆಯಿಂದ.

ಅಷ್ಟೇ! ಒಬ್ಬರಿಗೆ ಊರಲ್ಲಿ ಎಮ್ಮೆ ಈಯುವುದು ನೆನಪಾಯಿತು. ಇನ್ನೊಬ್ಬರಿಗೆ ಬಿ.ಪಿ. ಗುಳಿಗೆ ಮರೆತು ಬಂದದ್ದು ಹೊಳೆಯಿತು. ಜಾವಾ ಹುಡುಗರಂತೂ, ಓದಲು ಹಾಸ್ಟೆಲ್ಲೇ ಭಾಳ ಚಲೋ ಎಂದು ಒಮ್ಮತದ ತೀರ್ಮಾನಕ್ಕೆ ಬಂದರು.

"ಅದು ಸಿನಿಮಾ ರೀ! ಬರೇ ಪೌಡರ್ ಹಚ್ಚಿದ್ದು!" ಸೂಗಪ್ಪ ಗೇಟಿಗೆ ಅಡ್ಡ ನಿಂತು ಬಡಕೊಂಡ. ಯಾರು ಕೇಳುತ್ತಾರೆ? ನಾಲ್ಕು ಗಂಟೆಯ ಬಸ್ಸಿಗೆ ಹಾಸಿಗೆಗಳೆಲ್ಲ ಸುತ್ತಿಕೊಂಡು ಹೊರಟವು. ಅವನಿಗೆ ನಾಚಿಕೆಯಿಂದ ಭೂಮಿಗಿಳಿದು ಹೋದಂತಾಯಿತು.

ಆಗ ಖಾಲಿ ಮನೆಯೊಳಗೆ ಬಾಗಿಲೊಂದು ದಢಾರನೆ ಬಡಿಯಿತು!

ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ಸೂಗಪ್ಪ ಬರಿಗಾಲಲ್ಲಿ ನಡುರಸ್ತೆಯಲ್ಲಿದ್ದ.

"ಯಾ... ಯಾರದು?"

"ನಾನರೀ," ಸಾವಿತ್ರಿ ಹೊಸಿಲ ಮೇಲೆ ಬಂದು ನಿಂತಳು. ಅವಳ ಮುಖದಲ್ಲಿ ಅಂಥ ನಗೆಯನ್ನು ಅವನು ಮದುವೆಯ ದಿನವೂ ಕಂಡಿರಲಿಲ್ಲ. "ಹಿತ್ತಲ ಬಾಗಲಾ ಹಾಕ್ಕೊಂಡೆ. ಹದಿನೆಂಟು ವರ್ಷಕ್ಕ ಮೊದಲನೇ ಸಲ ಎರಡ ಕಪ್ ಚಾಕ್ಕ ನೀರಿಡಾಕತ್ತೀನಿ. ಒಳಗ ಬರಾಕ ನಿಮಗೂ ಅಂಜಿಕಿ ಬರ್ತಿದ್ರ ಈಗ ಹೇಳಿಬಿಡ್ರಿ, ಒಂದ ಕಪ್ ಇಡ್ತೀನಿ!"