ಎದುರಿಗೇ ಕೂತು ಗೈರಾದವಳ ಬಗ್ಗೆ ಶಾಲೆಯ ಪ್ರಿಂಟರಿಗೊಂದು ಅರಿಕೆ

ಮಾನ್ಯ ಪ್ರಿಂಟರ್ ಮಹಾಶಯರೇ,

ಶಾಲೆಯ ನೆಲಮಹಡಿಯ ಕೊನೆಯ ಕೋಣೆಯಲ್ಲಿ, ಕಿಟಕಿಗೆ ಪರದೆ, ತಲೆಯ ಮೇಲೆ ಫ್ಯಾನು, ಬಾಗಿಲಿಗೆ ಬೀಗ ಸಮೇತ ಸುಖವಾಗಿರುವ ತಮಗೆ ಎರಡನೇ ತರಗತಿಯ ಹುಡುಗಿಯೊಬ್ಬಳ ತಾಯಿಯ ಸವಿನಯ ನಮಸ್ಕಾರಗಳು. ಕೋರ್ಟಿನ ಎದುರಿನ ಅಂಗಡಿಯಲ್ಲಿ ಕೂತು ಹದಿನಾರು ವರ್ಷಗಳಿಂದ ಬೇರೆಯವರ ದೂರುಗಳನ್ನು ಟೈಪ್ ಮಾಡಿಕೊಡುತ್ತಿರುವ ನನಗೆ ಸ್ವಂತಕ್ಕೊಂದು ದೂರು ಒದಗಿಸಿದ್ದಕ್ಕೆ ಮೊದಲು ತಮಗೆ ಕೃತಜ್ಞತೆ ಸಲ್ಲಬೇಕು. ಮುಖ್ಯೋಪಾಧ್ಯಾಯಿನಿಯವರಿಗೆ ಬರೆಯದೆ ತಮಗೇ ಬರೆಯುತ್ತಿರುವುದೇಕೆಂದರೆ, ಕಳೆದ ವಾರ ನಮ್ಮ ಮನೆಗೆ ಬಂದ ನೋಟೀಸಿನ ಕೆಳಗೆ 'ಇದು ಯಂತ್ರಮುದ್ರಿತ ಪತ್ರ, ಸಹಿಯ ಅಗತ್ಯವಿಲ್ಲ' ಎಂದಿತ್ತು. ವಿಚಾರಿಸಲು ಹೋದರೆ ಗುಮಾಸ್ತರು, "ನಾವೇನೂ ಬರ್ದಿಲ್ಲಮ್ಮ, ಅದೇ ಕೊಟ್ಟಿದ್ದು" ಎಂದು ತಮ್ಮತ್ತ ಬೆರಳು ತೋರಿಸಿದರು.

ಆ ನೋಟೀಸಿನ ಪ್ರಕಾರ ನನ್ನ ಮಗಳು ಬುಗುರಿ ಈ ವರ್ಷ ನಲವತ್ತೊಂದು ದಿನ ಗೈರು. ಒಂದು ಕಡೆ ನಿಲ್ಲದವಳೆಂದು ಅವಳಜ್ಜ ಇಟ್ಟ ಹೆಸರದು ನಿಜ. ಆದರೂ ದಿನಾ ನಾನೇ ಕೈಹಿಡಿದು ಗೇಟಿನೊಳಗೆ ಬಿಟ್ಟುಬಂದ ಮಗು ಎಲ್ಲಿಗೆ ಹೋಯಿತೆಂದು ಶಾಲೆಗೆ ಓಡಿಬಂದೆ. ಅವಳು ಎಲ್ಲಿಗೂ ಹೋಗಿರಲಿಲ್ಲ, ಮೂರನೇ ಬೆಂಚಿನಲ್ಲೇ ಇದ್ದಳು. ಬುಗುರಿಗೆ ಉಗ್ಗು. ಹೆಸರು ಕರೆದಾಗ 'ಹಾಜರ್' ಅನ್ನಲು ಬಾಯಿ ತೆರೆದರೆ ಆ 'ಹಾ' ಗಂಟಲಲ್ಲೇ ಪಟ್ಟಾಗಿ ಕೂತುಬಿಡುತ್ತದೆ. ಅದು ಎದ್ದು ಹೊರಬರುವಷ್ಟರಲ್ಲಿ, ರಿಜಿಸ್ಟರಿನಿಂದ ಕಣ್ಣೆತ್ತದ ಕ್ಲಾಸ್ ಟೀಚರ್ ಇನ್ನೂ ನಾಲ್ಕು ಹೆಸರು ದಾಟಿ ಹೋಗಿರುತ್ತಾರೆ.

ಅಷ್ಟಕ್ಕೇ ನಿಲ್ಲದ ತಾವು, ಹಾಜರಾತಿ ಸಾಲದ್ದರಿಂದ ಮಾತಿನ ತರಬೇತಿಯ ಪಟ್ಟಿಯಿಂದಲೂ ಅವಳ ಹೆಸರನ್ನು ತೆಗೆಯಲಾಗಿದೆ ಎಂದು ಮುದ್ರಿಸಿದ್ದೀರಿ. ಹನ್ನೊಂದು ತಿಂಗಳು ಕಾದು ಸಿಕ್ಕ ಪಟ್ಟಿ ಅದು. ಪ್ರತಿ ಗುರುವಾರ ಬರುವ ಮಾತಿನ ಟೀಚರು, ತರಬೇತಿಗೆಂದು ತೆಗೆದಿಟ್ಟಿದ್ದ ಕೋಣೆಯಲ್ಲಿ ತಾವು ನೆಲೆಸಿರುವುದರಿಂದ, ಶಾಲೆಯ ಗಂಟೆಯ ಕೆಳಗಿನ ಮೆಟ್ಟಿಲ ಮೇಲೆ ಕೂತು ಕಲಿಸುತ್ತಿದ್ದರು, ಅದೂ ಹೋಯಿತು. ಮಾತು ಹೊರಡದ್ದರಿಂದ ಗೈರು, ಗೈರಾದ್ದರಿಂದ ತರಬೇತಿಯಿಲ್ಲ, ತರಬೇತಿಯಿಲ್ಲದ್ದರಿಂದ ಮಾತು ಹೊರಡದು: ಇಷ್ಟು ಬಿಗಿಯಾದ ವಾದವನ್ನು ನಮ್ಮ ಬೀದಿಯ ಯಾವ ವಕೀಲರೂ ನನ್ನಿಂದ ಟೈಪ್ ಮಾಡಿಸಿಲ್ಲ.

ಅಂದು ಬುಗುರಿಯೂ ನಾನೂ ತಮ್ಮ ಬಾಗಿಲಲ್ಲಿ ನಿಂತಿದ್ದಾಗಲೇ ತಮ್ಮೊಳಗೆ ಹಾಳೆಯೊಂದು ಸಿಕ್ಕಿಕೊಂಡಿತು. ಆಹಾ, ಆಗ ತಮಗೆ ಸಂದ ಉಪಚಾರವೇನು! ಮುಖ್ಯೋಪಾಧ್ಯಾಯಿನಿ ಫೋನ್ ಅರ್ಧಕ್ಕೇ ಬಿಟ್ಟು ಬಂದರು, ಮೆಕ್ಯಾನಿಕ್ ಬೈಕಿನಲ್ಲಿ ಹಾರಿಬಂದ, ಆತುರಪಟ್ಟು ಕೈಹಾಕಿದ ಗುಮಾಸ್ತರನ್ನು ಕ್ಲಾಸ್ ಟೀಚರ್, "ಅಯ್ಯೋ ಎಳೀಬೇಡಿ, ಎಳೆದ್ರೆ ಹರಿಯುತ್ತೆ! ಸ್ವಲ್ಪ ಸುಮ್ನಿರಿ, ಅದೇ ಬಿಡುತ್ತೆ" ಎಂದು ತಡೆದರು. ನಾಲ್ಕು ಜನ ದೊಡ್ಡವರು ಗಡಿಯಾರ ನೋಡದೆ, ನಗದೆ, ತಮ್ಮ ಸುತ್ತ ನಿಂತು ಕಾದರು. ಮಗಳ ಮಾತು ಸಿಕ್ಕಿಕೊಂಡಾಗ ನಾನೂ ಹೀಗೆ ಕಾದವಳಲ್ಲ. ಒಲೆಯ ಮೇಲೆ ಹಾಲಿದೆಯೆಂದೋ, ಬಸ್ಸಿಗೆ ಹೊತ್ತಾಯಿತೆಂದೋ ಅವಳ ವಾಕ್ಯವನ್ನು ನಾನೇ ಎಳೆದು ಮುಗಿಸಿದ್ದು ಎಷ್ಟು ಸಲವೋ. ತಮ್ಮೆದುರು ನಿಂತು, ಮಹಾಶಯರೇ, ನನಗೆ ನಾಚಿಕೆಯಾಯಿತು.

ಮರುದಿನ ಹಾಜರಿಯ ಹೊತ್ತಿಗೆ ನಾನು ತರಗತಿಯ ಬಾಗಿಲಲ್ಲಿದ್ದೆ. ಹೆಸರು ಕರೆದರು, 'ಹಾ' ಕೂತಿತು, ಟೀಚರ್ ಮುಂದಿನ ಹೆಸರಿಗೆ ಬಾಯಿ ತೆರೆದರು. ಬುಗುರಿ ಎದ್ದು ನಿಂತಳು.

"ಮಿ... ಮಿಸ್, ಎ... ಎಳೀಬೇಡಿ. ಸ್ವಲ್ಪ ಸು... ಸುಮ್ನಿರಿ. ಅದೇ ಬಿ... ಬಿಡುತ್ತೆ."

ಹಿಂದಿನ ಬೆಂಚಿನಿಂದ ನಗು ಬಂತು. ಟೀಚರ್ ಪೆನ್ನು ಕೆಳಗಿಟ್ಟು ಮೊದಲ ಬಾರಿಗೆ ತಲೆಯೆತ್ತಿ ನೋಡಿದರು. "ಆಯ್ತು ಕಂದ, ಇರ್ತೀನಿ" ಎಂದು ನಿಜವಾಗಿಯೂ ಇದ್ದರು. 'ಹಾಜರ್' ಬಂತು. ಆ ಮಧ್ಯಾಹ್ನವೇ ಅವರು ನಲವತ್ತೊಂದು ಗೈರನ್ನೂ ಒಂದೊಂದಾಗಿ ತಿದ್ದಿ, ಪ್ರತಿಯೊಂದರ ಪಕ್ಕ ಸಹಿ ಮಾಡಿದರು. ಸಹಿ ಎಂದರೇನೆಂದು ತಮಗೆ ಬಿಡುವಾದಾಗ ವಿವರಿಸುತ್ತೇನೆ.

ಆದಕಾರಣ ತಮ್ಮಲ್ಲಿ ನನ್ನ ಪ್ರಾರ್ಥನೆ ಇಷ್ಟೇ. ಗುರುವಾರಗಳಂದು ತಾವು ದಯಮಾಡಿ ಎದ್ದು ಹೋಗಿ ಮೆಟ್ಟಿಲ ಮೇಲೆ ಕೂರಬೇಕು. ಮಕ್ಕಳು ಗಂಟೆ ಹೊಡೆದಾಗ ತಮ್ಮನ್ನು ದಾಟಿಕೊಂಡೇ ಓಡುತ್ತಾರೆ, ಅಭ್ಯಾಸವಾಗುತ್ತದೆ. ಜೊತೆಗೆ ದಿನಾ ಬೆಳಗ್ಗೆ ಎಲ್ಲರಿಗೂ ಕೇಳುವಂತೆ ತಾವೂ ಒಮ್ಮೆ 'ಹಾಜರ್' ಅನ್ನಬೇಕು. ಅನ್ನಲಾಗದಿದ್ದರೆ ಬೇಸರಿಸಬೇಡಿ, ಗೈರೆಂದು ಬರೆದು, ತಮ್ಮ ಶಾಯಿಯನ್ನಷ್ಟೇ ನಿಲ್ಲಿಸಲಾಗುತ್ತದೆ.

ತಮ್ಮ ಟ್ರೇಯಲ್ಲಿ ಕಾಗದವಿರುವವರೆಗೂ
ತಮ್ಮ ವಿಶ್ವಾಸಿ,
ಬುಗುರಿಯ ಅಮ್ಮ

ತಾ.ಕ.: ಇದನ್ನು ಲಕೋಟೆಗೆ ಹಾಕುವಷ್ಟರಲ್ಲಿ ತಮ್ಮ ಎರಡನೇ ನೋಟೀಸು ಕೈಸೇರಿತು. ಬುಗುರಿ ತರಗತಿಯಲ್ಲಿ ಪೂರ್ಣ ವಾಕ್ಯಗಳನ್ನು ಆಡಿದ್ದರಿಂದ ಅವಳಿಗಿನ್ನು ತರಬೇತಿ ಬೇಕಿಲ್ಲವಂತೆ. ಆಕ್ಷೇಪವಿದ್ದರೆ ಮಗುವೇ ಸಮಿತಿಯ ಮುಂದೆ ನಿಂತು ಬಾಯಿಮಾತಿನಲ್ಲಿ ಹೇಳಬೇಕಂತೆ. ಬರುತ್ತಾಳೆ, ಹೇಳುತ್ತಾಳೆ, ನಾನು ನಡುವೆ ಬಾಯಿ ಹಾಕುವುದಿಲ್ಲ. ಸಮಿತಿಯ ಸದಸ್ಯರಿಗೆಲ್ಲ ಒಂದೊಂದು ಪ್ರತಿ ಮುದ್ರಿಸಿ ತಿಳಿಸಿಬಿಡಿ: ಬರುವಾಗ ಊಟದ ಡಬ್ಬಿ ತರಲಿ.